ಹಾರೆಯ ತುದಿಯಲ್ಲಿ ಕಲಿತ ಪದ

ನಾನು ಪದವಿಪೂರ್ವ ತರಗತಿಗೆ ಸೇರಿದ ವರ್ಷ, ನಮ್ಮ ಕಾಲೇಜಿನ ಹಿತ್ತಿಲಲ್ಲಿ ಬಾವಿಕಟ್ಟೆಗೆಂದು ತಂದಿದ್ದ ಕಲ್ಲುಚಪ್ಪಡಿಯೊಂದು ದಾರಿಗೆ ಅಡ್ಡಲಾಗಿ ಬಿದ್ದಿತ್ತು. ಆರು ಹುಡುಗರು ಕೈಹಾಕಿದರೂ ಅದು ಅಲುಗಲಿಲ್ಲ. ಅದನ್ನು ಕಂಡ ಭೌತಶಾಸ್ತ್ರದ ಮೇಷ್ಟ್ರು ಒಂದೂವರೆ ಮೀಟರ್ ಉದ್ದದ ಹಾರೆಯನ್ನು ತರಿಸಿ, ಅದರ ಮೊನೆಯನ್ನು ಚಪ್ಪಡಿಯ ಅಡಿಗೆ ತೂರಿಸಿ, ಮೊನೆಯಿಂದ 15 ಸೆಂಟಿಮೀಟರ್ ಈಚೆಗೆ ಒಂದು ಗುಂಡುಕಲ್ಲನ್ನು ಆಸರೆಯಾಗಿಟ್ಟು, “ಈಗ ನೀನೊಬ್ಬನೇ ಮೀಟಪ್ಪ” ಎಂದರು. ಚಪ್ಪಡಿಯ ಅಂಚು ನಿಧಾನವಾಗಿ ಮೇಲೆದ್ದಿತು. ಆಸರೆಯಿಂದ ಕೈಯವರೆಗೆ 135 ಸೆಂಟಿಮೀಟರ್, ಕಲ್ಲಿನವರೆಗೆ 15. ಹಾಗಾಗಿ ನನ್ನ ಬಲ ಒಂಬತ್ತು ಪಟ್ಟಾಗಿತ್ತು. ಆದರೆ ಕೈ ಒಂಬತ್ತು ಅಂಗುಲ ಇಳಿದಾಗ ಕಲ್ಲು ಏಳುತ್ತಿದ್ದುದು ಒಂದೇ ಅಂಗುಲ.

ಮರುದಿನ ಅವರು ಹಲಗೆಯ ಮೇಲೆ ‘ಮೆಕ್ಯಾನಿಕ್ಸ್’ ಎಂದು ಬರೆದು, ಅದರ ಬೇರಾದ ಗ್ರೀಕಿನ ‘ಮೆಖಾನೆ’ಗೆ ಉಪಾಯ, ಸಾಧನ ಎಂಬ ಅರ್ಥಗಳಿವೆಯೆಂದೂ, ಪ್ರಾಚೀನ ಗ್ರೀಕ್ ನಾಟಕಗಳಲ್ಲಿ ದೇವತೆಯ ಪಾತ್ರಧಾರಿಯನ್ನು ಮೇಲಿನಿಂದ ಇಳಿಸುತ್ತಿದ್ದ ಎತ್ತುಯಂತ್ರಕ್ಕೂ ಅದೇ ಹೆಸರಿತ್ತೆಂದೂ ಹೇಳಿದರು. ಶಕ್ತಿಗಿಂತ ಯುಕ್ತಿ ಮೇಲು ಎಂಬ ನಮ್ಮ ಮಾತಿನ ಯುಕ್ತಿಯೇ ಆ ಪದದ ಮೊದಲ ಅರ್ಥವೆಂದು ನನಗೆ ಹೊಳೆದದ್ದು ಆಗ. 1687ರಲ್ಲಿ ಪ್ರಕಟವಾದ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದ ಮುನ್ನುಡಿಯಲ್ಲಿ ನ್ಯೂಟನ್, ತರ್ಕದಿಂದ ಸಾಧಿಸುವ ಮೆಕ್ಯಾನಿಕ್ಸ್ ಮತ್ತು ಕೈಕೆಲಸದ ಮೆಕ್ಯಾನಿಕ್ಸ್ ಎಂದು ಎರಡನ್ನು ಗುರುತಿಸುತ್ತಾನೆ, ಸರಳರೇಖೆ, ವೃತ್ತಗಳನ್ನು ಎಳೆಯುವುದೇ ಕೈಕೆಲಸಕ್ಕೆ ಸೇರಿದ್ದು, ರೇಖಾಗಣಿತ ಅದರ ಮೇಲೆ ನಿಂತಿದೆ ಎನ್ನುತ್ತಾನೆ. ಇದನ್ನು ವಿವರಿಸಿದ ಮೇಷ್ಟ್ರು, ಬಸ್ ನಿಲ್ದಾಣದ ಬಳಿ ಸ್ಕೂಟರ್ ಬಿಚ್ಚುವ ಮೆಕ್ಯಾನಿಕ್ಕನೂ ನ್ಯೂಟನ್ನನೂ ಒಂದೇ ಮನೆತನದವರು ಎಂದರು. ಆ ಮಾತನ್ನು ನಾನು ಇಂದಿಗೂ ನಂಬುತ್ತೇನೆ.

ಈಗ ನನ್ನದು ಅನುವಾದದ ವೃತ್ತಿ. ‘ಮೆಕ್ಯಾನಿಕ್ಸ್’ ಎಂಬ ಈ ಪದ ಎದುರಾದಾಗಲೆಲ್ಲ ಅದು ಯಾವ ಅರ್ಥದಲ್ಲಿ ಬಂದಿದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಬಲ, ಚಲನೆ, ಸಮತೋಲಗಳ ಮಾತಾದರೆ ‘ಬಲವಿಜ್ಞಾನ’ ಒಪ್ಪುತ್ತದೆ. ‘ಯಂತ್ರಶಾಸ್ತ್ರ’ ಎಂದು ಬರೆದರೆ ಗ್ರಹಗಳ ಚಲನೆಯನ್ನು ಓದಬೇಕಾದ ವಿದ್ಯಾರ್ಥಿ ಗಿರಣಿಯನ್ನು ಕಲ್ಪಿಸಿಕೊಳ್ಳುತ್ತಾನೆ. ಒಮ್ಮೆ ಮತಎಣಿಕೆಯ ಕುರಿತ ಲೇಖನದಲ್ಲಿ ಈ ಪದ ಬಂದಾಗ ಅವಸರದಲ್ಲಿ ‘ಯಂತ್ರ’ ಎಂದು ಬರೆದುಬಿಟ್ಟಿದ್ದೆ. ಅಲ್ಲಿ ಹೇಳಬೇಕಾಗಿದ್ದುದು ಎಣಿಕೆ ನಡೆಯುವ ಬಗೆಯನ್ನು. ಓದುಗರಿಗೆ ತಲುಪಿದ್ದು ಮತಯಂತ್ರ. ಅಚ್ಚಾದ ಮೇಲೆ ಕಂಡ ಆ ತಪ್ಪು ನನ್ನನ್ನು ಬಹಳ ದಿನ ಕಾಡಿತು.

ಹೆಚ್ಚು ಕಷ್ಟ ಕೊಡುವುದು ‘ಕ್ವಾಂಟಂ ಮೆಕ್ಯಾನಿಕ್ಸ್’, ಅಂದರೆ ಪರಮಾಣುವಿನಂಥ ಅತಿ ಸಣ್ಣ ಕಣಗಳ ವರ್ತನೆಯನ್ನು ವಿವರಿಸುವ ಭೌತಶಾಸ್ತ್ರ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1924ರಲ್ಲಿ ಜರ್ಮನ್ ಭಾಷೆಯ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಬಳಸಿದ ಈ ಹೆಸರಿನ ಹಿಂದೆ ಯಂತ್ರವಿಲ್ಲ. ಬಲದ ಮಾತೂ ಅಲ್ಲಿ ಹಿಂದೆ ಸರಿದು, ಶಕ್ತಿಯ ಲೆಕ್ಕ ಮುಂದೆ ಬರುತ್ತದೆ. ಆದ್ದರಿಂದ ಅದನ್ನು ಅನುವಾದಿಸದೆ ಹಾಗೆಯೇ ಬಿಟ್ಟು, ಅದರ ಕೆಳಗೆ ‘ಮೆಖಾನೆ’ಯ ಅರ್ಥವನ್ನು ಒಂದು ಸಾಲಿನಲ್ಲಿ ಬರೆಯುತ್ತೇನೆ: ಉಪಾಯ, ಸಾಧನ.