ಪಿಕಾರ್ಡನ ಕೊಳಲು

ಬಾಹ್ಯಾಕಾಶ ನೌಕೆಯ ಕತೆ ಹೇಳುವ ಟಿವಿ ಸರಣಿ 'ಸ್ಟಾರ್ ಟ್ರೆಕ್: ನೆಕ್ಸ್ಟ್ ಜನರೇಶನ್' ಮತ್ತೆ ಮೊದಲಿಂದ ನೋಡುತ್ತಿದ್ದೇನೆ. ಏಳು ಸೀಸನ್. ಒಂದೊಂದು ಎಪಿಸೋಡಿಗೂ ಡೈರಿಯಲ್ಲಿ ನಾಲ್ಕು ಸಾಲು ವಿಮರ್ಶೆ. ಮೊದಲ ಸೀಸನ್ ಸ್ವಲ್ಪ ಸಪ್ಪೆ, ಮೂರರಿಂದ ಕಳೆ ಬರುತ್ತದೆ.

ನಿನ್ನೆ ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ 1992ರ 'ದಿ ಇನ್ನರ್ ಲೈಟ್' ಎಪಿಸೋಡ್ ನೋಡಿದೆ. ನೌಕೆಯ ಕ್ಯಾಪ್ಟನ್ ಪಿಕಾರ್ಡ್ ಎಚ್ಚರ ತಪ್ಪಿರುವುದು ಬರೀ 25 ನಿಮಿಷ. ಅಷ್ಟರಲ್ಲೇ ಬೇರೊಂದು ಗ್ರಹದಲ್ಲಿ ಹೆಂಡತಿ, ಮಕ್ಕಳು, ಮುಪ್ಪು, ಇಡೀ ಬದುಕು! ಎಂದೋ ಅಳಿದುಹೋದ ಆ ಗ್ರಹದ ಜನ, ತಮ್ಮನ್ನು ಯಾರಾದರೂ ನೆನಪಿಡಲಿ ಅಂತ ಕಳಿಸಿದ ನೆನಪು ಅದು. ಕೊನೆಗೆ ಅವನ ಕೈಯಲ್ಲಿ ಉಳಿಯುವುದು ಒಂದು ಕೊಳಲು.

ಠಾಣೆ ದಾಟುವಾಗ ನಮ್ಮ ಅಡುಗೆಮನೆ ಮೂಲೆಯ ಅರೆಯುವ ಕಲ್ಲು ನೆನಪಾಯಿತು. ಅಮ್ಮ ಕುಂದಾಪುರದಿಂದ ತಂದದ್ದು. ಮಿಕ್ಸಿ ಬಂದ ಮೇಲೂ ಅದನ್ನು ಯಾರಿಗೂ ಕೊಟ್ಟಿಲ್ಲ.

ಈ ಎಪಿಸೋಡಿಗೆ ನಾಲ್ಕು ಸಾಲು ಸಾಲಲಿಲ್ಲ. ಎರಡು ಪುಟ ತುಂಬಿತು.