ಇಕ್ಸಿ ಮಾಡಿಸಿದರೂ ಅಂಡಾಣು ಫಲಿಸಲಿಲ್ಲವೇಕೆ?

ಬೆಂಗಳೂರಿನ ಐವಿಎಫ್ ಕೇಂದ್ರಗಳಿಂದ ರಿಪೋರ್ಟ್ ಹಿಡಿದು ಬರುವವರ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: “ವೀರ್ಯಾಣುವನ್ನು ಸೂಜಿಯಲ್ಲಿ ಅಂಡಾಣುವಿನ ಒಳಗೇ ಬಿಟ್ಟರಲ್ವಾ, ಆದರೂ ಒಂದೂ ಯಾಕೆ ಫಲಿಸಲಿಲ್ಲ?”

ಇಕ್ಸಿ ಎಂದರೆ ಹೀಗೆ ಸೂಜಿಯಲ್ಲಿ ವೀರ್ಯಾಣುವನ್ನು ಒಳಗೆ ಬಿಡುವುದೇ. ಆದರೆ ಒಳಗೆ ಬಿಟ್ಟರಷ್ಟೇ ಸಾಲದು. ಮಾಗಿದ ಅಂಡಾಣು ಎರಡನೇ ಮಿಯಾಸಿಸ್‌ನ (ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯ ಎರಡನೇ ಹಂತದ) ನಡುವೆ ನಿಂತುಬಿಟ್ಟಿರುತ್ತದೆ. ಅದನ್ನು ಮುಂದಕ್ಕೆ ಹೊರಡಿಸುವುದು ಕ್ಯಾಲ್ಸಿಯಂ. ವೀರ್ಯಾಣು ತನ್ನ ತಲೆಯಲ್ಲಿ ಪಿಎಲ್‌ಸಿ-ಝೀಟಾ ಎಂಬ ಕಿಣ್ವವನ್ನು ತರುತ್ತದೆ. 2002ರಲ್ಲಷ್ಟೇ ಗುರುತಾದ ಈ ಕಿಣ್ವ ಐಪಿ3 ಎಂಬ ಅಣುವನ್ನು ಹುಟ್ಟಿಸುತ್ತದೆ. ಐಪಿ3 ತಗುಲಿದೊಡನೆ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ತನ್ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ. ಸ್ವಲ್ಪ ಹೊತ್ತಿಗೆ ಮಟ್ಟ ಇಳಿಯುತ್ತದೆ, ಮತ್ತೆ ಏರುತ್ತದೆ. ಇಲಿಯಲ್ಲಿ ಸುಮಾರು 10–20 ನಿಮಿಷಕ್ಕೊಂದು ಏರಿಳಿತ, ಅದೂ ಗಂಟೆಗಟ್ಟಲೆ. ಮನುಷ್ಯರಲ್ಲಿ ಇನ್ನೂ ನಿಧಾನ.

ಈ ಇಳಿತದ ಬಗ್ಗೆ ಯಾರೂ ಕೇಳುವುದಿಲ್ಲ, ಶಕ್ತಿಯ ಖರ್ಚೆಲ್ಲ ಇರುವುದು ಅಲ್ಲೇ. ಓವರ್‌ಹೆಡ್ ಟ್ಯಾಂಕಿನ ನಲ್ಲಿ ತಿರುಗಿಸಲು ಕರೆಂಟ್ ಬೇಡ, ಸಂಪಿನಿಂದ ಮತ್ತೆ ನೀರೆತ್ತಲು ಬೇಕು. ಚೆಲ್ಲಿದ ಕ್ಯಾಲ್ಸಿಯಂನ ಪ್ರತಿ ಎರಡು ಅಯಾನುಗಳನ್ನು ವಾಪಸ್ ಉಗ್ರಾಣದೊಳಗೆ ತಳ್ಳಲು ಅದರ ಗೋಡೆಯಲ್ಲಿರುವ ಸರ್ಕಾ ಎಂಬ ಪಂಪು ಒಂದು ಎಟಿಪಿ (ಕೋಶದ ಶಕ್ತಿಯ ಅಣು) ಸುಡುತ್ತದೆ. ಆ ಎಟಿಪಿ ಕೊಡುವುದು ಕೋಶದ ಶಕ್ತಿ ಕೇಂದ್ರಗಳಾದ ಮೈಟೋಕಾಂಡ್ರಿಯಾ. ಅಂಡಾಣುವಿಗೆ ಗ್ಲೂಕೋಸ್ ಸರಿಯಾಗಿ ಬಳಸಲು ಬಾರದು, ಅದರ ಉರುವಲು ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟ್. ಲ್ಯಾಬಿನಲ್ಲಿ ಅಂಡಾಣು ಇಡುವ ದ್ರವದಲ್ಲಿ (ಕಲ್ಚರ್ ಮೀಡಿಯಾ) ಪೈರುವೇಟ್ ಇರುವುದು ಇದಕ್ಕೇ. ಪ್ರತಿ ಅಲೆಯಲ್ಲೂ ಒಂದಿಷ್ಟು ಕ್ಯಾಲ್ಸಿಯಂ ಮೈಟೋಕಾಂಡ್ರಿಯಾದೊಳಗೆ ಹೋಗಿ ಪೈರುವೇಟ್ ಡಿಹೈಡ್ರೋಜಿನೇಸ್‌ನಂಥ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಖರ್ಚು ಬಂದ ಹೊತ್ತಿಗೇ ಎಟಿಪಿ ತಯಾರಿಯೂ ಏರುತ್ತದೆ. ಇಲಿಯ ಅಂಡಾಣುವಿನಲ್ಲಿ ಮೈಟೋಕಾಂಡ್ರಿಯಾವನ್ನು ರಾಸಾಯನಿಕದಿಂದ ತಡೆದರೆ ಅಲೆಗಳು ನಿಂತು, ಕ್ಯಾಲ್ಸಿಯಂ ಇಳಿಯದೆ ಮೇಲೇ ಉಳಿಯುತ್ತದೆ. ಅಂಥ ಸ್ಥಿತಿ ಕೋಶವನ್ನು ಸಾವಿನತ್ತ ದೂಡುತ್ತದೆ. ಅಂಡಾಶಯದಿಂದ ಹೊರಬಂದು ಬಹಳ ಹೊತ್ತಾದ ಅಂಡಾಣುವಿನಲ್ಲೂ ಅಲೆಗಳು ಗಿಡ್ಡವಾಗಿ, ಪದೇಪದೇ ಬರುತ್ತವೆ. ಅದು ವಿಭಜಿಸುವ ಬದಲು ಚೂರುಚೂರಾಗುವುದೂ ಉಂಟು. ಮರುದಿನ ಮಾಡುವ ಇಕ್ಸಿ ಅಷ್ಟು ಫಲ ಕೊಡದಿರಲು ಇದೊಂದು ಕಾರಣ.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ನುಂಗಬಹುದೇ? ಮೂಳೆಗೆ ಬೇಕಿದ್ದರೆ ನುಂಗಿ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹವೇ ಬಿಗಿಯಾಗಿ ಕಾಯುತ್ತದೆ, ಅಂಡಾಣುವಿನ ಈ ದಾಸ್ತಾನಿಗೂ ಮಾತ್ರೆಗೂ ಸಂಬಂಧವಿಲ್ಲ.

ಈಗ ಕೆಲವು ಕಡೆ ‘ಆಕ್ಟಿವೇಶನ್’ ಎಂದು ಹೇಳುವುದು ಬೇರೆಯದು. ಇಕ್ಸಿ ಆದ ಮೇಲೆ ಅಂಡಾಣುವನ್ನು ಕ್ಯಾಲ್ಸಿಯಂ ಅಯಾನೊಫೋರ್ (ಪೊರೆ ದಾಟಿ ಕ್ಯಾಲ್ಸಿಯಂ ಹರಿಯಲು ಬಿಡುವ ರಾಸಾಯನಿಕ) ಇರುವ ದ್ರಾವಣದಲ್ಲಿ 10–15 ನಿಮಿಷ ಇಟ್ಟು ತೊಳೆಯುತ್ತಾರೆ. ಸಿಗುವುದು ಸಾಮಾನ್ಯವಾಗಿ ಒಂದೇ ದೊಡ್ಡ ಏರಿಕೆ, ಅಲೆಗಳ ಸಾಲಲ್ಲ. ದುಂಡು ತಲೆಯ ವೀರ್ಯಾಣುವಿನಂತೆ ಪಿಎಲ್‌ಸಿ-ಝೀಟಾ ಕೊರತೆ ಇರುವಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸೊರಗಿದ ಮೈಟೋಕಾಂಡ್ರಿಯಾವನ್ನು ಅದು ಸರಿಮಾಡದು. ಹಾಗಾಗಿ ಎಲ್ಲರಿಗೂ ಇದನ್ನು ಹಚ್ಚುವುದು ನಮಗೆ ಒಪ್ಪಿಗೆಯಿಲ್ಲ.

ಇದಕ್ಕೆ ದುಡ್ಡು ಕಟ್ಟುವ ಮುನ್ನ ಎಂಬ್ರಿಯಾಲಜಿಸ್ಟ್‌ರನ್ನು (ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞರನ್ನು) ಎರಡು ವಿಷಯ ಕೇಳಿ: ತೆಗೆದವುಗಳಲ್ಲಿ ಮಾಗಿದ ಅಂಡಾಣು ಎಷ್ಟಿದ್ದವು, ಇಕ್ಸಿ ಆಗಿ 16–18 ಗಂಟೆಗೆ ನೋಡಿದಾಗ ಎಷ್ಟರಲ್ಲಿ ಎರಡು ಪ್ರೋನ್ಯೂಕ್ಲಿಯಸ್ (ಫಲಿಸಿದ ಗುರುತಾದ, ಅಂಡಾಣು ಮತ್ತು ವೀರ್ಯಾಣುಗಳ ಕೋಶಕೇಂದ್ರಗಳು) ಕಂಡವು. ಮಾಗಿದ್ದು ಎರಡೇ ಇದ್ದು, ಎರಡೂ ಫಲಿಸದಿದ್ದರೆ ಅದರಿಂದ ಕ್ಯಾಲ್ಸಿಯಂ ದೋಷ ಎಂದು ತೀರ್ಮಾನಿಸಲಾಗದು.