ಸಿಲಬಸ್ಸಿನಲ್ಲಿ ಇರದ ಕೆರೆಗಳು

ಬಿ.ಎಸ್ಸಿ.ಯಲ್ಲಿ ನಮಗೆ ಪಾಚಿಗಳ ಪಾಠ ಮಾಡಿದ ಬಾಟನಿ ಮೇಡಂ ಗದ್ದೆಯಿಂದ ಶುರುಮಾಡಿ ಅಂಟಾರ್ಕ್ಟಿಕಾಕ್ಕೆ ಹೋಗಿಬಿಡುತ್ತಿದ್ದರು. "ಪರೀಕ್ಷೆಗೆ ಬರಲ್ಲ, ಸುಮ್ನೆ ಕೇಳಿ" ಅನ್ನೋರು. ನಾವು ಪೆನ್ನು ಕೆಳಗಿಟ್ಟು ಕೇಳುತ್ತಿದ್ದೆವು.

ಅಲ್ಲಿ ಶಿರ್ಮಾಕರ್ ಓಯಸಿಸ್ ಎಂಬ ಕಲ್ಲುನೆಲದಲ್ಲಿ ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆಗಳಿವೆ. ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರಕ್ಕೆ ನೀರು ಕೊಡುವ ಪ್ರಿಯದರ್ಶಿನಿ ಕೆರೆಯೂ ಅಲ್ಲಿಯದೇ. ಚಳಿಗಾಲದಲ್ಲಿ ಮೇಲೆಲ್ಲ ಮಂಜುಗಡ್ಡೆ, ತಳದಲ್ಲಿ ನೀಲಿ-ಹಸಿರು ಪಾಚಿಯ ದಪ್ಪ ಪದರ. ನಾವು ಗದ್ದೆ ನೀರಿನಿಂದ ತಂದು ಸ್ಲೈಡ್ ಮಾಡಿದ ನಾಸ್ಟಾಕ್ ಎಂಬ ನೀಲಿ-ಹಸಿರು ಪಾಚಿಯ ದಾಯಾದಿಗಳೇ ಅಲ್ಲೂ ಇವೆ ಅಂದಾಗ ಯಾರೂ ನಂಬಲಿಲ್ಲ.

"ಕೆರೆ ತಳದವರೆಗೂ ಯಾಕೆ ಹೆಪ್ಪುಗಟ್ಟಲ್ಲ?" ಅಂತ ಹಿಂದಿನ ಬೆಂಚಿನವರನ್ನೇ ಕೇಳಿದರು. ಪಿಯುಸಿಯಲ್ಲಿ ಓದಿದ್ದೇ. ನೀರು 4 ಡಿಗ್ರಿಯಲ್ಲಿ ಜಾಸ್ತಿ ಭಾರ, ತಳಕ್ಕಿಳಿಯುತ್ತದೆ. ಮಂಜುಗಡ್ಡೆ ಹಗುರ, ಮೇಲೆ ತೇಲಿ ಕಂಬಳಿಯ ಹಾಗೆ ಕೆರೆಯನ್ನು ಮುಚ್ಚುತ್ತದೆ. ಮಾರ್ಕ್ಸಿಗಾಗಿ ಉರುಹೊಡೆದ ಆ ಸಾಲಿಗೆ ಅರ್ಥ ಇದೆ ಅಂತ ಗೊತ್ತಾಗಿದ್ದು ಅವತ್ತೇ.

ನನಗೆ ಇವತ್ತಿಗೂ ಇಷ್ಟವಾದದ್ದು ಮ್ಯಾಕ್‌ಮರ್ಡೊ ಒಣ ಕಣಿವೆಗಳ ಕಥೆ. ಅಲ್ಲಿನ ಕೆರೆಗಳ ಮೇಲೆ ವರ್ಷವಿಡೀ ಹಲವು ಮೀಟರ್ ದಪ್ಪದ ಮಂಜುಗಡ್ಡೆ ಇರುತ್ತದೆ. ಅದನ್ನು ದಾಟಿ ಬರುವ ಚೂರುಪಾರು ಬೆಳಕಿನಲ್ಲೇ ತಳದ ಪಾಚಿ ಆಹಾರ ಮಾಡಿಕೊಳ್ಳುತ್ತದೆ. ಹಾಗೆ ಮಾಡುವಾಗ ಬಿಟ್ಟ ಆಕ್ಸಿಜನ್ ಗುಳ್ಳೆಗಳು ಪಾಚಿಯೊಳಗೇ ಸಿಕ್ಕಿಕೊಂಡು, ಒಂದು ತುಂಡು ಕಿತ್ತು ಮೇಲೆ ತೇಲಿಬರುತ್ತದೆ. ಮಂಜುಗಡ್ಡೆಯ ಅಡಿಗೆ ಅಂಟಿ ಅಲ್ಲೇ ಹೆಪ್ಪುಗಟ್ಟುತ್ತದೆ. ಪ್ರತಿವರ್ಷ ಗಾಳಿ, ಬಿಸಿಲಿಗೆ ಮೇಲಿನ ಪದರ ಸವೆಯುತ್ತದೆ, ಅಡಿಯಲ್ಲಿ ಹೊಸದು ಸೇರುತ್ತದೆ. ಹೀಗೆ ಆ ತುಂಡು ನಿಧಾನಕ್ಕೆ ಏರಿ ಏರಿ, ವರ್ಷಗಳಾದ ಮೇಲೆ ಹೊರಗೆ ಕಾಣಿಸುತ್ತದೆ. ಆಮೇಲೆ ಒಣಗಿ ಗಾಳಿಗೆ ಹಾರಿಹೋಗುತ್ತದೆ. ಟಿಕೆಟ್ ಇಲ್ಲದ ಪ್ರಯಾಣ, ಅಲ್ವಾ?

ಮೇಡಂ ನಿವೃತ್ತರಾದ ಮೇಲೆ, 2013ರ ಜನವರಿಯಲ್ಲಿ, ಅಮೆರಿಕದ ವಿಜ್ಞಾನಿಗಳು ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಬಿಸಿನೀರಿನಿಂದ ಸುಮಾರು 800 ಮೀಟರ್ ಮಂಜುಗಡ್ಡೆ ಕೊರೆದು ವಿಲನ್ಸ್ ಕೆರೆ ಮುಟ್ಟಿದರು. ಒಂದೊಂದು ಮಿಲಿಲೀಟರ್ ನೀರಿನಲ್ಲೂ ಲಕ್ಷಕ್ಕೂ ಹೆಚ್ಚು ಜೀವಕೋಶಗಳಿದ್ದವು. ಈ ಸುದ್ದಿ ಓದಿ ಮೇಡಂಗೆ ಫೋನ್ ಮಾಡಿದೆ.

"ಅಲ್ಲಿ ಬೆಳಕೇ ಇಲ್ವಲ್ಲೋ, ಊಟ ಎಲ್ಲಿಂದ?" ಅಂದರು.

"ಅಮೋನಿಯಾದಿಂದ ಶಕ್ತಿ ಪಡೆಯುತ್ತವಂತೆ ಮೇಡಂ."

"ಆ ಅಮೋನಿಯಾ ಎಲ್ಲಿಂದ ಬಂತು?"

ಅದನ್ನೂ ಓದಿಕೊಂಡೇ ಕೂತಿದ್ದೆ. ಕೆರೆಯ ತಳದಲ್ಲಿರುವುದು ಹಿಂದೊಮ್ಮೆ ಸಮುದ್ರ ಇದ್ದಾಗಿನ ಕೆಸರು, ಅದರಿಂದ ಎಂದೆ. "ಹಾಗಾದ್ರೆ ಸರಿ" ಎಂದು ಮೇಡಂ ಮನೆಯವರ ಕ್ಷೇಮ ವಿಚಾರಿಸಿದರು.